ಗಾಳದ ಹದಕ್ಕೆ ಒಂದು ಚೀಟಿ

ಓದುವುದು ನನ್ನಿಂದ ಆಗುವ ಕೆಲಸವಲ್ಲ ಎಂದವರು ನನ್ನ ಸೋದರಮಾವ ಜುಂಜಣ್ಣ. ಬೇರೆ ಯಾರಾದರೂ ಹೇಳಿದ್ದರೆ ಮರೆತುಬಿಡುತ್ತಿದ್ದೆ. ಅವರು ನಮ್ಮ ಹಟ್ಟಿಗೆ ಹಿರಿಯರು. ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಬಡವನಹಳ್ಳಿ ಸುತ್ತಮುತ್ತ ಅವರ ಕೈಗೆ ಸಾಟಿ ಇರಲಿಲ್ಲ. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಭೌತಶಾಸ್ತ್ರಕ್ಕೆ ಎರಡನೇ ಸಲ ನಪಾಸಾಗಿ ಜಗಲಿಯ ಮೇಲೆ ಕೂತಿದ್ದೆ. ಕತ್ತರಿ ಒರೆಸುತ್ತಾ ಹೇಳಿದರು: “ಬುಡು ರತ್ನಿ. ಪಾಸಾದ್ರೂ ಏನೈತೆ? ಕುರಿ ಹಟ್ಟಿ ಹುಡ್ಗಿ ಬರ್ಕೊಟ್ಟ ಚೀಟಿನ ಯಾವನು ನಂಬ್ತಾನೆ?”

ಅವರ ಲೆಕ್ಕದಲ್ಲಿ ಓದಿದವರು ಎಂದರೆ ಚೀಟಿ ಬರೆದುಕೊಡುವವರು. ಡಾಕ್ಟರು ಔಷಧಿಗೆ ಬರೆಯುತ್ತಾರೆ, ಮೇಷ್ಟರು ಟಿ.ಸಿ.ಗೆ ಬರೆಯುತ್ತಾರೆ, ತಾಲ್ಲೂಕು ಕಚೇರಿಯವರು ಇನ್ನೇನಕ್ಕೋ ಬರೆಯುತ್ತಾರೆ. ಓದದವರ ಕೆಲಸ ಅದನ್ನು ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಳ್ಳುವುದು. ನಾನು ಆ ಕಡೆಯಿಂದ ಈ ಕಡೆಗೆ ದಾಟುತ್ತೇನೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಅವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಂಥದ್ದನ್ನು ಅವರು ಕಂಡಿರಲಿಲ್ಲ, ಅಷ್ಟೆ.

ಮೂರನೇ ಸಲಕ್ಕೆ ಪಾಸಾದೆ. ನಮ್ಮ ಮನೆಯಲ್ಲಿ ಅದೇ ಮೊದಲ ಪದವಿ. ಹೇಳಿಕೊಳ್ಳುವುದಕ್ಕೆ ಈಗಲೂ ನನಗೆ ಸಂಕೋಚವಿಲ್ಲ.

ನಾನು ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದ್ದು ಶಿರಾ ಊರಾಚೆಯ ಒಂದು ಶೆಡ್ಡಿನಲ್ಲಿ, ಸೀಸ ಎರಕ ಹೊಯ್ಯುವ ಕಡೆ. ಬಿಟ್ಟು ಎರಡು ವರ್ಷವಾಯಿತು. ಈಗ ಅಲ್ಲಿ ಸೇರಿಕೊಂಡಿರುವ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. “ಅಕ್ಕಾ, ಚೆಕಿಂಗ್ ಅಂದ್ರೆ ಸುಮ್ನೆ ನೋಡದಾ?” ಎಂದು ಕೇಳುತ್ತಾರೆ. ಸುಮ್ಮನೆ ನೋಡುವುದಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನದ ಪೆದ್ದುತನದಿಂದಲೇ ಶುರು ಮಾಡುತ್ತೇನೆ. ಆಗ ನಾವು ಮಾಡುತ್ತಿದ್ದದ್ದು ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ಮಾತ್ರ. ಎರಕದವರು ನರಸಿಂಹಲು, ಪಾವಗಡದ ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ಅಚ್ಚಿನ ಮೇಲೆ ಧೂಳು ಇದೆ ಎಂದು ನಾನು ಒದ್ದೆ ಬಟ್ಟೆಯಲ್ಲಿ ಚೊಕ್ಕಟವಾಗಿ ಒರೆಸಿಟ್ಟೆ. ಅವರು ಸೌಟಿನಿಂದ ಕಾದ ಸೀಸ ಹೊಯ್ದರು. ಪಟ್ ಎಂದು ಸಿಡಿದು ಒಂದು ಹನಿ ಅವರ ಮೊಣಕೈಗೆ, ಒಂದು ನನ್ನ ಸೆರಗಿಗೆ. ಅವರು ಬೈಯಲಿಲ್ಲ. ಕೈಯನ್ನು ನೀರಿನಲ್ಲಿ ಅದ್ದಿಕೊಂಡು, “ನೀರು ಕಂಡ್ರೆ ಸೀಸ ಊರುಕೋದಮ್ಮಾ, ಸುಮ್ಕಿರಲ್ಲ” ಎಂದರು. ನೀರು ಆವಿಯಾಗಿ ಉಬ್ಬುತ್ತದೆ ಎಂದು ನಾನು ಮೂರು ಸಲ ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಸೆರಗಿಗೆ ಬೀಳುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಅಚ್ಚು ಒಣಗಿರಬೇಕು, ಬೆಚ್ಚಗಿರಬೇಕು. ಇದನ್ನು ಮೊದಲು ಕಲಿಯಿರಿ, ಮಿಕ್ಕದ್ದು ಆಮೇಲೆ.

ಇನ್ನೊಂದು. ನಾವು ವರ್ಷಗಟ್ಟಲೆ ಎರಕದ ಒಲೆಯ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದೆವು. ಸೀಸ ಕೈಯಿಂದ ಬಾಯಿಗೆ ಹೋಗುತ್ತದೆ, ಹೊಗೆಯಲ್ಲಿ ಎದೆಗೆ ಹೋಗುತ್ತದೆ. ನನಗೆ ಗೊತ್ತಿತ್ತು. ಹೊಸಬಳು ಎಂದು ಬಾಯಿ ಬಿಡಲಿಲ್ಲ. ಆಮೇಲೆ ನಾನೇ ಹೇಳಿ ಊಟಕ್ಕೆ ಬೇರೆ ಚಪ್ಪರ ಹಾಕಿಸಿದೆ, ಬಾಗಿಲಿನಲ್ಲಿ ಸೋಪು ಇಡಿಸಿದೆ, ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ಕೂರಿಸಿದೆ. ನಿಮಗೆ ಈಗ ಮುಖಕ್ಕೆ ಮಾಸ್ಕು ಕೊಡುತ್ತಾರೆ. ಸೆಕೆ ಎಂದು ಕತ್ತಿಗೆ ಇಳಿಸಬೇಡಿ.

ಶೆಡ್ಡಿನ ಯಜಮಾನರು ರಹಮತ್ ಸಾಹೇಬರು. ಮಿತಭಾಷಿ. ಮಾಲು ನೋಡುವಾಗ ಕನ್ನಡಕ ಹಾಕುತ್ತಿರಲಿಲ್ಲ, ಬೆರಳಲ್ಲೇ ಸವರಿ ಹೇಳುತ್ತಿದ್ದರು. ಯಾರಾದರೂ ಗುಂಡನ್ನು ವಾಪಸ್ ತಂದರೆ ಕಾರಣ ಕೇಳದೆ ಬದಲಾಯಿಸಿ ಕೊಟ್ಟು, ತಂದವನು ಹೋದ ಮೇಲೆ ನಮ್ಮ ಕಡೆ ತಿರುಗುತ್ತಿದ್ದರು. ಆ ತಿರುಗುವುದೇ ಸಾಕಾಗಿತ್ತು.

ಬೀಸುಬಲೆ ಕಡಿಮೆಯಾಗುತ್ತಾ ಬಂದಾಗ ಅವರೇ ಜಿಗ್ ಹೆಡ್ ತಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಗಾಳ, ಅದರ ದಾರ ಕಟ್ಟುವ ಕಣ್ಣಿನ ಬುಡಕ್ಕೆ ಎರಕ ಹೊಯ್ದ ಸೀಸದ ಸಣ್ಣ ತಲೆ. ಆ ಗಾಳಕ್ಕೆ ಮೆತ್ತನೆಯ ರಬ್ಬರ್ ಮೀನನ್ನು ಪೋಣಿಸಿ ನೀರಿಗೆ ಎಸೆದು ಎಳೆದರೆ ಜೀವ ಇರುವ ಮರಿಯ ಹಾಗೆ ಬಾಲ ಆಡಿಸುತ್ತಾ ಬರುತ್ತದೆ, ದೊಡ್ಡ ಮೀನು ನುಂಗಲು ಬರುತ್ತದೆ. ನಾವು ಅದಕ್ಕೆ ಬರೀ ‘ತಲೆ’ ಎನ್ನುತ್ತಿದ್ದೆವು. “ಇವತ್ತು ಎಷ್ಟು ತಲೆ ಆಯ್ತು?” ಎಂದು ಸಾಹೇಬರು ಕೇಳಿದರೆ ಬಾಗಿಲಲ್ಲಿ ನಿಂತವರು ಗಾಬರಿಯಾಗುತ್ತಿದ್ದರು.

ಗಟ್ಟಿ ತಲೆ ಆರಿಸುವುದು ಹೇಗೆ ಎಂದು ಕೊಳ್ಳುವವರೂ ಕೇಳುತ್ತಾರೆ, ಮಾಡುವವರೂ ಕೇಳುತ್ತಾರೆ. ಎಲ್ಲರೂ ಮೊದಲು ಸೀಸ ನೋಡುತ್ತಾರೆ. ದಪ್ಪಗಿದ್ದರೆ ಗಟ್ಟಿ ಎಂದುಕೊಳ್ಳುತ್ತಾರೆ. ಸೀಸದ ತೂಕ ಹೇಳುವುದು ಅದು ಎಷ್ಟು ಬೇಗ ಮುಳುಗುತ್ತದೆ, ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ಮಾತ್ರ. ಬಲ ಇರುವುದು ತಂತಿಯಲ್ಲಿ, ಅದರಲ್ಲೂ ಗಾಳ ಬಾಗಿರುವ ಕಡೆ. ನಮ್ಮ ಕೆರೆಗಳ ಕೊರಮೀನು ಇದೆಯಲ್ಲ, ಅದರ ಬಾಯಿ ಕಲ್ಲಿನಂಥದ್ದು. ಜೊಂಡಿನಲ್ಲಿ ಕೂತಿರುತ್ತದೆ. ಕಚ್ಚಿದ ಕೂಡಲೇ ಜಗ್ಗಿ ಹೊರಗೆ ಎಳೆಯದಿದ್ದರೆ ಜೊಂಡಿಗೆ ಸುತ್ತಿಕೊಂಡು ಹೋಗಿಬಿಡುತ್ತದೆ. ಆ ಜಗ್ಗುವಿಕೆಗೆ ಸಣ್ಣ ತಂತಿ ತೆರೆದುಕೊಳ್ಳುತ್ತದೆ. ಹಾಗಂತ ತೀರಾ ದಪ್ಪ ತಂತಿಯೂ ಬೇಡ, ಬಾಯಿಗೆ ನಾಟುವುದಿಲ್ಲ, ರಬ್ಬರನ್ನೂ ಸೀಳುತ್ತದೆ. ಕಣ್ಣಿನ ಬಳೆಯ ತುದಿ ಪೂರ್ತಿ ಕೂಡಿರಬೇಕು, ಸಂದಿ ಇದ್ದರೆ ದಾರ ಕತ್ತರಿಸುತ್ತದೆ. ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಗಾಳವನ್ನು ತಿರುಗಿಸಿ ನೋಡಿ, ಅಲುಗಿದರೆ ಎರಕ ಸರಿಯಿಲ್ಲ. ಕೊನೆಗೆ ಗಾಳದ ಬಾಗನ್ನು ಒಂದು ಮೊಳೆಗೆ ಸಿಕ್ಕಿಸಿ, ಕಣ್ಣಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಯಿರಿ. ಸ್ವಲ್ಪ ತೆರೆದು ಬಿಟ್ಟ ಕೂಡಲೇ ಮೊದಲಿನಂತಾದರೆ ಒಳ್ಳೆಯದು. ತೆರೆದಲ್ಲೇ ನಿಂತರೆ ಬೇಡ. ತೆರೆಯದೆ ಪಟಕ್ಕನೆ ಮುರಿದರೆ ಅದೂ ಬೇಡ.

ತೆರೆದಲ್ಲೇ ನಿಂತರೆ ಬೇಡ ಎನ್ನುವ ಮಾತನ್ನು ನಾನು ಕಲಿತದ್ದು ತಕ್ಕಡಿಯಿಂದಲ್ಲ. ಅದೇ ಹೇಳಬೇಕಾದ ಕಥೆ.

ಕರಾವಳಿಯ ಒಬ್ಬ ವ್ಯಾಪಾರಿ ನಮ್ಮ ತಲೆ ನೋಡಿ ಆರು ಸಾವಿರಕ್ಕೆ ಆರ್ಡರು ಕೊಟ್ಟ. ಅಷ್ಟು ದೊಡ್ಡದು ನಮಗೆ ಅದುವರೆಗೆ ಬಂದಿರಲಿಲ್ಲ. ಜೊತೆಗೆ ಒಂದು ಷರತ್ತು. ಮಾಲಿನೊಂದಿಗೆ ಪರೀಕ್ಷೆ ಮಾಡಿದ್ದಕ್ಕೆ ಸರ್ಟಿಫಿಕೇಟು ಬೇಕು, ಅದಕ್ಕೆ ವಿಜ್ಞಾನ ಓದಿದವರ ಸಹಿ ಬೇಕು. ಸಾಹೇಬರು ನನ್ನನ್ನು ಕರೆದು ಕಾಗದ ಮುಂದೆ ಇಟ್ಟರು. “ರತ್ನಮ್ಮ, ಇದು ನಿಮ್ಮ ಕೆಲಸ. ಸಹಿ ಅಂದ್ರೆ ಜಬಾನ್ ಇದ್ದಂಗೆ, ಕೊಟ್ಟ ಮಾತು. ನೋಡ್ಕೊಂಡು ಹಾಕಿ.”

ಆ ಸಂಜೆ ಬಸ್ಸಿನಲ್ಲಿ ಬಡವನಹಳ್ಳಿವರೆಗೂ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಸರ್ಟಿಫಿಕೇಟಿನ ಒಕ್ಕಣೆಯನ್ನೇ ಮನಸ್ಸಿನಲ್ಲಿ ಬರೆಯುತ್ತಿದ್ದೆ. ಕೊನೆಯಲ್ಲಿ: ಸಿ. ರತ್ನಮ್ಮ, ಬಿ.ಎಸ್ಸಿ.

ಎರಕದಲ್ಲಿ ನೂರಕ್ಕೆ ಒಂದಷ್ಟು ಕೆಡುತ್ತವೆ. ಸೀಸ ಪೂರ್ತಿ ತುಂಬಿರುವುದಿಲ್ಲ, ಗಾಳ ಓರೆ ಕೂತಿರುತ್ತದೆ. ಗಾಳ ಹೊರಗಿನಿಂದ ಬರುವ ಮಾಲು, ಒಳ್ಳೆಯದು. ಸೀಸ ಕೆಟ್ಟರೆ ಗಾಳವನ್ನೂ ಎಸೆಯುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಹಟ್ಟಿಯಲ್ಲಿ ಬೆಳೆದವರಿಗೆ ಬಾಲದ ಉಣ್ಣೆ ಎಸೆಯುವುದೂ ಗೊತ್ತಿಲ್ಲ. ಸೀಸ ಮುನ್ನೂರು ಚಿಲ್ಲರೆ ಡಿಗ್ರಿಗೆ ಕರಗುತ್ತದೆ, ಉಕ್ಕು ಕರಗಲು ಅದರ ನಾಲ್ಕು ಪಟ್ಟಿಗೂ ಹೆಚ್ಚು ಬೇಕು. ಹಾಗಿದ್ದಮೇಲೆ ಬಿಸಿ ಮಾಡಿ ಬೇರೆ ಮಾಡಿದರೆ ಗಾಳಕ್ಕೇನು? ಒಂದು ಚೀಟಿ ಬರೆದು ಎರಕದ ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ: ‘ಕೆಟ್ಟ ತಲೆ ಎಸೆಯಬೇಡಿ. ಬಿಸಿ ಮಾಡಿ ಗಾಳ ಬಿಡಿಸಿ ಮತ್ತೆ ಬಳಸಿಕೊಳ್ಳಿ. ಗಾಳಕ್ಕೆ ಏನೂ ಆಗುವುದಿಲ್ಲ.’ ಕೆಳಗೆ ಹೆಸರು, ಪದವಿ.

ನರಸಿಂಹಲು ಯಾರದೋ ಕೈಲಿ ಅದನ್ನು ಓದಿಸಿಕೊಂಡು ತಲೆಯಾಡಿಸಿದರು.

ಆರು ಸಾವಿರ ತಲೆ ಸಿದ್ಧವಾಯಿತು, ಬಣ್ಣ ಹಚ್ಚಿ ಒಣಗಿಸಿ ಪೆಟ್ಟಿಗೆಗೆ ತುಂಬಿದ್ದಾಯಿತು. ಗುರುವಾರ ವ್ಯಾಪಾರಿಯ ಕಡೆಯವರು ಬಂದು ಒಯ್ಯುತ್ತಾರೆ ಎಂದು ಮಾತಾಗಿತ್ತು. ಹಿಂದಿನ ಶನಿವಾರ ಕೊರಟಗೆರೆಯ ಡ್ರಿಲ್ ಮೇಷ್ಟರೊಬ್ಬರು ಬಂದರು. ಗಾಳ ಹಾಕುವ ಹುಚ್ಚಿನವರು. ಇದೇ ಮಾಲಿನಲ್ಲಿ ನಾಲ್ಕು ತಲೆ ಅವರಿಗೆ ನೋಡಲು ಕೊಟ್ಟಿದ್ದೆವು. ತೋವಿನಕೆರೆಯ ಕೆರೆಯಲ್ಲಿ ಒಳ್ಳೆಯ ಕೊರಮೀನು ಕಚ್ಚಿತ್ತಂತೆ, ಎರಡು ಮಾರು ಎಳೆಯುವಷ್ಟರಲ್ಲಿ ತಪ್ಪಿಸಿಕೊಂಡಿತಂತೆ. ಜೇಬಿನಿಂದ ಒಂದು ತಲೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಗಾಳ ನೆಟ್ಟಗೆ ನಿಂತಿತ್ತು.

“ಇದು ಗಾಳ ಅಲ್ಲ ಕಣಮ್ಮ, ದಬ್ಬಳ. ಚೀಲ ಹೊಲ್ಕೊಳ್ಳಿ” ಎಂದರು.

ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಪೆಟ್ಟಿಗೆ ಬಿಚ್ಚಿ ಇಪ್ಪತ್ತನ್ನು ತಕ್ಕಡಿಗೆ ಕಟ್ಟಿ ಎಳೆದೆ. ಹದಿನೆಂಟು ಸರಿಯಿದ್ದವು. ಎರಡು ತೆರೆದುಕೊಂಡು ಹಾಗೇ ನಿಂತವು. ಹೊರಗಿನಿಂದ ಬಂದ ಹೊಸ ಗಾಳದ ಪೊಟ್ಟಣದಿಂದ ಇಪ್ಪತ್ತು ತೆಗೆದು ಎಳೆದೆ, ಒಂದೂ ಸೋಲಲಿಲ್ಲ. ನಾನು ಯಾವಾಗಲೂ ಪರೀಕ್ಷೆ ಮಾಡುತ್ತಿದ್ದದ್ದು ಹೀಗೇ, ಗಾಳ ಬಂದ ದಿನ. ಎರಕ ಆದ ಮೇಲೆ ಒಂದನ್ನೂ ಎಳೆದು ನೋಡಿರಲಿಲ್ಲ. ಅದೇ ಗಾಳ, ಒಳಗೆ ಬರುವಾಗ ಗಟ್ಟಿ, ಹೊರಗೆ ಹೋಗುವಾಗ ಮೆತ್ತಗೆ. ಮಧ್ಯದಲ್ಲಿ ಏನಾಯಿತು?

ಸಾಹೇಬರಿಗೆ ಹೇಳಿದೆ. ಅವರು ಬಹಳ ಹೊತ್ತು ಆ ಎರಡು ಗಾಳಗಳನ್ನು ಸವರುತ್ತಾ ಕೂತರು. ಮಾಲು ಹೋಗದಿದ್ದರೆ ಆ ವ್ಯಾಪಾರಿ ಮತ್ತೆ ಈ ಕಡೆ ಬರುವುದಿಲ್ಲ, ಬಲೆಯ ಗುಂಡಿನಲ್ಲಿ ಶೆಡ್ಡು ಇನ್ನೊಂದು ವರ್ಷ ನಡೆಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸಹಿ ಹಾಕಿ ಎಂದು ಅವರು ಹೇಳಲಿಲ್ಲ. ಹಾಕಬೇಡಿ ಎಂದೂ ಹೇಳಲಿಲ್ಲ. ಬುಧವಾರದೊಳಗೆ ಕಾರಣ ತಿಳಿಯುತ್ತಾ ಎಂದು ಮಾತ್ರ ಕೇಳಿದರು.

ಭಾನುವಾರ ಹಟ್ಟಿಯಲ್ಲಿ ಉಣ್ಣೆ ಕತ್ತರಿಸುತ್ತಿದ್ದರು. ಜುಂಜಣ್ಣ ಮಾವನಿಗೆ ಆಗಲೇ ಎಪ್ಪತ್ತರ ಹತ್ತಿರ. ಬೇವಿನ ಮರದ ಕೆಳಗೆ ಕುರಿಯನ್ನು ಮಂಡಿಯಲ್ಲಿ ಅದುಮಿಕೊಂಡು ಕೂತಿದ್ದರು. ನಾನು ಪಕ್ಕದ ಕಲ್ಲಿನ ಮೇಲೆ ಆ ಗಾಳ ಹಿಡಿದು ಕೂತಿದ್ದು ಕಂಡು, ಮೀನಿಗೆ ಹಾಕೋದನ್ನ ಕುರಿಗೆ ಹಾಕ್ತೀಯಾ ಎಂದು ಗೇಲಿ ಮಾಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಗಾಳ ಇಸಕೊಂಡು ಉಗುರಿನಿಂದ ಬಣ್ಣ ಕೆರೆದರು. ಕಲ್ಲಿನ ಸಂದಿಗೆ ಸಿಕ್ಕಿಸಿ ಬಗ್ಗಿಸಿದರು, ಬಗ್ಗಿಸಿದ ಕಡೆಯೇ ನಿಂತಿತು.

“ಬೆಂಕಿಗೆ ಇಟ್ಟಿದ್ರಾ ಇದ್ನ?”

“ಸೀಸ ಬಿಡಿಸಾಕೆ ಸ್ವಲ್ಪ ಬಿಸಿ ಮಾಡಿರ್ತಾರೆ. ಅದ್ರಿಂದ ಉಕ್ಕು ಕರಗಲ್ಲ ಮಾವ.”

“ಕರಗಲ್ಲ. ನಾನೇನು ಕರಗ್ತದೆ ಅಂದ್ನಾ?” ಎಂದು ಕೈಯಲ್ಲಿದ್ದ ಕತ್ತರಿಯನ್ನು ನನ್ನ ಮುಂದೆ ಹಿಡಿದರು. ನಮ್ಮವರ ಕತ್ತರಿಗೆ ನಡುವೆ ಮೊಳೆ ಇಲ್ಲ, ಒಂದೇ ಪಟ್ಟಿ ಹಿಂದೆ ಬಳೆಯ ಹಾಗೆ ಬಾಗಿರುತ್ತದೆ. ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ತಾನೇ ತೆರೆಯುತ್ತದೆ. ಎರಡು ಸಲ ಒತ್ತಿ ಬಿಟ್ಟು ತೋರಿಸಿದರು. “ನಿಮ್ಮಪ್ಪ ಒಂದ್ಸಲ ಜಿಡ್ಡು ಹೋಗ್ಲಿ ಅಂತ ಇಂಥದ್ದೇ ಕತ್ತರಿನ ಒಲೆಗೆ ಮಡಗಿದ್ದ. ಕೆಂಪಗಾಗಿ ಆರ್ತು. ಆಮ್ಯಾಲೆ ಒತ್ತಿದ್ರೆ ಮುಚ್ಕಂತು, ತೆರೀನೇ ಇಲ್ಲ. ಕಬ್ಬಿಣ ಅಂಗೇ ಐತೆ, ತೂಕ ಅಷ್ಟೇ ಐತೆ. ಹದ ಹೋಗೈತೆ ಕಣೆ. ಹದ ಇದ್ರೆ ವಾಪಸ್ ಬರ್ತದೆ, ಇಲ್ದಿದ್ರೆ ಬಗ್ಗಿದ ಕಡೇನೆ ಬಿದ್ದಿರ್ತದೆ.”

ಹೈಸ್ಕೂಲಿನಲ್ಲಿ ನಾನು ಸ್ಥಿತಿಸ್ಥಾಪಕತ್ವ ಎಂದು ಬಾಯಿಪಾಠ ಮಾಡಿದ್ದೆ. ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಎರಡು ಸಲ ನಪಾಸಾಗಿದ್ದೆ. ಮಾವ ಎರಡಕ್ಷರದಲ್ಲಿ ಹೇಳಿ ಮತ್ತೆ ಕುರಿಯ ಕಡೆ ಬಗ್ಗಿದರು. ನನಗೆ ಕರಗುವ ಲೆಕ್ಕ ಗೊತ್ತಿತ್ತು. ಕರಗುವುದಕ್ಕೆ ಬಹಳ ಮೊದಲೇ ಹದ ಹೋಗುತ್ತದೆ ಎನ್ನುವುದು ಗೊತ್ತಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಹೋಗಿ ನರಸಿಂಹಲು ಅವರನ್ನು ಕೇಳಿದೆ. ಗಾಳ ಬಿಡಿಸುವುದು ಹೇಗೆ, ತೋರಿಸಿ. ಅವರು ಕೆಟ್ಟ ತಲೆಯೊಂದನ್ನು ಇಕ್ಕಳದಲ್ಲಿ ಹಿಡಿದು ಬೆಸುಗೆಯ ಗ್ಯಾಸ್ ಬೆಂಕಿಗೆ ಒಡ್ಡಿದರು. ಸೀಸ ಕ್ಷಣದಲ್ಲಿ ಉದುರಿತು, ಗಾಳ ಕೆಂಪಗೆ ಹೊಳೆಯಿತು. ಒಲೆಯ ಬಾಣಲೆಯಲ್ಲಿ ಹಾಕಿದರೆ ತಡವಾಗುತ್ತೆ, ಆರ್ಡರು ಜಲ್ದಿ ಇತ್ತಲ್ಲ ಎಂದರು. ನನ್ನ ಮುಖ ನೋಡಿ ಅನುಮಾನ ಬಂದು ಗೋಡೆಯ ಕಡೆ ಕೈ ತೋರಿಸಿದರು.

“ನುವ್ವೇ ರಾಸಿನಾವು ಕದಮ್ಮಾ. ನೀನೇ ಬರ್ದಿದ್ದಲ್ವಾ, ಏನೂ ಆಗಲ್ಲ ಅಂತ? ನೀನ್ ಬರ್ದಿದ್ದಕ್ಕೆ ನಾನು ನಂಬಿದೆ.”

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಆ ದಿನ ಅದನ್ನು ಕೇಳಿ ನೆಲ ನೋಡಿದೆ.

ಚೀಟಿ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಸಾಹೇಬರ ಬಳಿಗೆ ಹೋದೆ. ತಪ್ಪು ನರಸಿಂಹಲು ಅವರದಲ್ಲ, ನನ್ನದು ಎಂದೆ. ಬೇಕಾದರೆ ಕೆಲಸ ಬಿಡುತ್ತೇನೆ, ಈ ಮಾಲಿಗೆ ಮಾತ್ರ ಸಹಿ ಹಾಕುವುದಿಲ್ಲ ಎಂದೂ ಹೇಳಿದೆ. ಅವರು ಚೀಟಿ ಓದಿದರು. ನಾನು ಕಾಯುತ್ತಿದ್ದೆ, ನನ್ನ ಕಡೆ ತಿರುಗುತ್ತಾರೆ ಎಂದು. ತಿರುಗಲಿಲ್ಲ. “ಬಿಡೋದು ಆಮೇಲೆ ಬಿಡಿ. ಈಗ ಆರು ಸಾವಿರದಲ್ಲಿ ಯಾವುದು ಸುಟ್ಟಿದ್ದು, ಯಾವುದು ಸುಡದ್ದು, ಹೆಂಗೆ ಬೇರೆ ಮಾಡ್ತೀರಿ ಹೇಳಿ.”

ಬಣ್ಣ ಹಚ್ಚಿದ ಮೇಲೆ ಎಲ್ಲವೂ ಒಂದೇ ಥರ. ಕಣ್ಣಿಗೆ ತಿಳಿಯುವುದಿಲ್ಲ. ಒಂದೇ ದಾರಿ, ಒಂದೊಂದನ್ನೂ ಎಳೆಯುವುದು. ಒಳ್ಳೆಯ ಗಾಳ ಕಾಗದದ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆ. ಹಲಗೆಗೆ ಮೊಳೆ ಹೊಡೆದು, ಕುರಿ ತೂಗುವ ಸ್ಪ್ರಿಂಗ್ ತಕ್ಕಡಿಗಳನ್ನು ಸಂತೆಯವರಿಂದ ಎರವಲು ತಂದು ಕಟ್ಟಿದೆವು. ಗಾಳ ಸಿಕ್ಕಿಸು, ತಕ್ಕಡಿಯ ಮುಳ್ಳು ಗುರುತಿಗೆ ಬರುವವರೆಗೆ ಎಳೆ, ಬಿಡು, ಗೆರೆಯ ಮೇಲೆ ಇಟ್ಟು ನೋಡು. ಗೆರೆಗೆ ಕೂತರೆ ಬಲಕ್ಕೆ, ತೆರೆದಿದ್ದರೆ ಎಡಕ್ಕೆ. ಶೆಡ್ಡಿನವರೆಲ್ಲ ಸಾಲಾಗಿ ಕೂತರು. ಸಾಹೇಬರೂ ಒಂದು ತಕ್ಕಡಿ ಹಿಡಿದರು, ಅವತ್ತು ಕನ್ನಡಕ ಹಾಕಿದ್ದರು. ನರಸಿಂಹಲು ಒಂದೊಂದು ಕೆಟ್ಟ ಗಾಳ ಸಿಕ್ಕಾಗಲೂ “ಇದು ನಾದಿ, ನಂದು” ಎಂದು ಎಡಕ್ಕೆ ಹಾಕುತ್ತಿದ್ದರು. ಒಂದಷ್ಟು ಹೊತ್ತಾದ ಮೇಲೆ ನಾನೂ “ಇದು ನಂದು” ಎನ್ನತೊಡಗಿದೆ. ಆಮೇಲೆ ಇಬ್ಬರಿಗೂ ನಗು ಬಂತು. ಬುಧವಾರ ಸಂಜೆಗೆ ಮುಗಿಯಿತು. ಎಲ್ಲರ ಬೆರಳಲ್ಲೂ ಬೊಬ್ಬೆ ಎದ್ದಿದ್ದವು. ಎಡಕ್ಕೆ ಬಿದ್ದದ್ದು ನಾನೂರ ಹನ್ನೆರಡು.

ಅಂದಿನಿಂದ ನಮ್ಮಲ್ಲಿ ಎರಡು ಪದ್ಧತಿ ಬಂದವು. ಪರೀಕ್ಷೆ ಎರಕ ಆದ ಮೇಲೆ. ಬೆಂಕಿ ಕಂಡ ಗಾಳ ಮತ್ತೆ ಅಚ್ಚಿಗೆ ಇಲ್ಲ. ಈಗಿನ ಹುಡುಗಿಯರೇ, ಆ ಹಲಗೆ ಈಗಲೂ ಅಲ್ಲೇ ಇದೆ, ಮೊಳೆ ಮಾತ್ರ ಹೊಸದು. ಸುಮ್ನೆ ನೋಡದಾ ಎಂದು ಕೇಳಿದಿರಲ್ಲ, ಅಲ್ಲ ಎನ್ನುವುದು ಇದಕ್ಕೆ.

ಗುರುವಾರ ವ್ಯಾಪಾರಿಯ ಕಡೆಯವನು ಬಂದ. ಅವತ್ತೇ ಮಾವ ಕುರಿ ಮಾರಲು ಶಿರಾಕ್ಕೆ ಬಂದಿದ್ದರು. ಸಂತೆ ಮುಗಿಸಿ, ನನ್ನ ಜೊತೆ ಬಸ್ಸಿಗೆ ಹೋಗೋಣವೆಂದು ಶೆಡ್ಡಿನ ಬಾಗಿಲಲ್ಲಿ ಗೋಣಿಚೀಲದ ಮೇಲೆ ಕೂತಿದ್ದರು. ಹೆಗಲಲ್ಲಿ ಕಂಬಳಿ, ಮಡಿಲಲ್ಲಿ ಕತ್ತರಿಯ ಚೀಲ.

ನಾನು ಸರ್ಟಿಫಿಕೇಟನ್ನು ಮೂರು ಸಲ ಬರೆದು ಹರಿದಿದ್ದೆ. ನಾಲ್ಕನೆಯದರಲ್ಲಿ ಇಷ್ಟೇ ಇತ್ತು: ‘ಪ್ರತಿಯೊಂದು ಗಾಳವನ್ನೂ ಎಳೆದು ನೋಡಲಾಗಿದೆ. ಆರು ಸಾವಿರಕ್ಕೆ ನಾನೂರ ಹನ್ನೆರಡು ಕಡಿಮೆ ಇವೆ. ಅವು ಬೆಂಕಿಗೆ ಹದ ಕಳೆದುಕೊಂಡಿದ್ದವು. ಆ ತಪ್ಪು ಪರೀಕ್ಷಕಿಯದ್ದು. ಇಲ್ಲಿರುವವು ಹದವಾಗಿವೆ.’ ಕೆಳಗೆ ನನ್ನ ಸಹಿ.

ಬಂದವನು ನಿಂತೇ ಓದಿದ. ಮತ್ತೊಮ್ಮೆ ಓದಿದ. ಇಂಥ ಸರ್ಟಿಫಿಕೇಟು ನಾನು ನೋಡಿಲ್ಲ ಎಂದ. ಅವನು ಪೆಟ್ಟಿಗೆಯ ಅಡಿಯಿಂದ ಒಂದು ತಲೆ ಎಳೆದು ತೆಗೆದು, ನಮ್ಮ ಹಲಗೆಯ ಮೊಳೆಗೆ ತಾನೇ ಸಿಕ್ಕಿಸಿ ಜಗ್ಗಿದ. ಗೆರೆಯ ಮೇಲೆ ಇಟ್ಟು ನೋಡಿದ. ಇನ್ನೊಂದು ತೆಗೆದ, ಇನ್ನೊಂದು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಕಡಿಮೆ ಬಿದ್ದದ್ದನ್ನು ಮುಂದಿನ ಆರ್ಡರಿನ ಜೊತೆ ಕಳಿಸಿ ಎಂದ.

ಗಾಡಿ ಹೋಯಿತು. ಮಾವ ಎದ್ದು ನನ್ನ ಮೇಜಿನ ಹತ್ತಿರ ಬಂದರು. ಅವನು ಕಾಗದ ಮಡಿಸಿ ಒಳಗೆ ಇಟ್ಟುಕೊಂಡದ್ದನ್ನು ಅವರು ನೋಡಿದ್ದರು.

“ರತ್ನಮ್ಮ” ಎಂದರು. ಅಲ್ಲಿಯವರೆಗೆ ನಾನು ಅವರಿಗೆ ರತ್ನಿ. ಚೀಲದಿಂದ ಕತ್ತರಿ ತೆಗೆದು, ಒಮ್ಮೆ ಒತ್ತಿ ಬಿಟ್ಟು, ಅದು ತೆರೆದುಕೊಂಡ ಮೇಲೆ ನನ್ನ ಮುಂದೆ ಇಟ್ಟರು.

“ಇದ್ಕೂ ಒಂದು ಚೀಟಿ ಬರ್ಕೊಡವ್ವ. ಹದ ಐತೆ ಅಂತ.”